ವಿಜ್ಞಾನದ ಆಸಕ್ತಿಗೆ ಒಂದೇ ಅಂಕ ಸಾಲದು

ಮಾನ್ಯ ಸಂಪಾದಕರೇ,

ಪ್ರೌಢಶಾಲಾ ಮಕ್ಕಳಲ್ಲಿ ವಿಜ್ಞಾನ ಕಲಿಯುವ ಪ್ರೇರಣೆ ಎಷ್ಟಿದೆ ಎಂದು ತಿಳಿಯಲು ಪ್ರಶ್ನಾವಳಿ ಹಂಚುವುದು ಈಗ ರೂಢಿಯಾಗಿದೆ. ಎಡವಟ್ಟು ಆಗುವುದು ಉತ್ತರಗಳನ್ನೆಲ್ಲ ಕೂಡಿಸಿ, ಪ್ರತಿ ಮಗುವಿಗೂ ಒಂದೊಂದು ಅಂಕ ಅಂಟಿಸಿದಾಗ.

ಹೆಚ್ಚು ಬಳಕೆಯಲ್ಲಿರುವ ಎರಡು ಪ್ರಶ್ನಾವಳಿಗಳನ್ನೇ ನೋಡಿ. ಅಮೆರಿಕದ ಶಾನ್ ಗ್ಲಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಎಸ್‌ಎಂಕ್ಯೂ-2ರಲ್ಲಿ 25 ಹೇಳಿಕೆಗಳಿವೆ. ಒಳಗಿನ ಆಸಕ್ತಿ, ಆತ್ಮವಿಶ್ವಾಸ, ಸ್ವಂತ ಶ್ರಮ, ಅಂಕದ ಆಸೆ, ವೃತ್ತಿಯ ಗುರಿ ಎಂಬ ಐದು ಭಾಗಗಳಿಗೆ ತಲಾ ಐದು. 'ಎಂದೂ ಇಲ್ಲ' ಎಂದರೆ 0, 'ಯಾವಾಗಲೂ' ಎಂದರೆ 4. ಹಾಗಾಗಿ ಪ್ರತಿ ಭಾಗಕ್ಕೆ 20, ಒಟ್ಟು 100. ಈ ಐದರಲ್ಲಿ ಒಬ್ಬಳು ಕ್ರಮವಾಗಿ 17, 14, 13, 10, 6 ಪಡೆದಳು ಎನ್ನೋಣ. ಇನ್ನೊಬ್ಬ 5, 9, 11, 19, 16. ಇಬ್ಬರದ್ದೂ ಒಟ್ಟು 60. ಮೊದಲನೆಯವಳಿಗೆ ವಿಷಯವೇ ಇಷ್ಟ, ಆದರೆ ಅದರಿಂದ ಮುಂದೆ ಯಾವ ಕೆಲಸ ಸಿಗುತ್ತದೆ ಎಂಬುದು ತಲೆಯಲ್ಲಿಲ್ಲ. ಎರಡನೆಯವನು ಪರೀಕ್ಷೆ ಮುಗಿದ ದಿನವೇ ಪುಸ್ತಕ ಮುಚ್ಚಿಬಿಡಬಹುದು. ಇಬ್ಬರಿಗೂ ಶಿಕ್ಷಕರು ಮಾಡಬೇಕಾದ್ದು ಬೇರೆ ಬೇರೆ. ಅರವತ್ತು ಎಂಬ ಸಂಖ್ಯೆ ಅದನ್ನು ಹೇಳುವುದಿಲ್ಲ.

ಇನ್ನೊಂದು, ತೈವಾನಿನ ತುವಾನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಎಸ್‌ಎಂಟಿಎಸ್‌ಎಲ್. ಇದರಲ್ಲಿ 35 ಹೇಳಿಕೆ, ಆರು ಭಾಗ. ಒಳ್ಳೆಯ ಅಂಕಕ್ಕಾಗಿ, ಇತರರನ್ನು ಹಿಂದೆ ಹಾಕುವುದಕ್ಕಾಗಿ ತರಗತಿಯಲ್ಲಿ ಪಾಲ್ಗೊಳ್ಳುತ್ತೇನೆ ಎಂಬಂಥ ಹೇಳಿಕೆಗಳಿಗೆ ಇಲ್ಲಿ ಅಂಕ ಹಿಮ್ಮುಖ: ಹೆಚ್ಚು ಒಪ್ಪಿದಷ್ಟೂ ಕಡಿಮೆ ಅಂಕ. ಅಂದರೆ ಅಂಕದ ಆಸೆ ಅಲ್ಲಿ ಒಟ್ಟು ಮೊತ್ತವನ್ನು ಏರಿಸಿದರೆ ಇಲ್ಲಿ ಇಳಿಸುತ್ತದೆ. ಎರಡು ಪ್ರಶ್ನಾವಳಿಗಳ ಒಟ್ಟು ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ವರದಿಗಳಿಗೆ ಹಾಗಾಗಿ ಅರ್ಥವೇ ಇಲ್ಲ.

ಹಿಮ್ಮುಖ ಹೇಳಿಕೆಗಳನ್ನು ತಿರುಗಿಸಲು ಮರೆಯುವುದು ಎಲ್ಲೆಲ್ಲೂ ಕಾಣುವ ತಪ್ಪು. 1ರಿಂದ 5ರ ಮಾಪನದಲ್ಲಿ 6ರಿಂದ ಉತ್ತರವನ್ನು ಕಳೆಯಬೇಕು: 5 ಇದ್ದದ್ದು 1 ಆಗುತ್ತದೆ. ಕ್ರೋನ್‌ಬಾಕ್ ಆಲ್ಫಾ (ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಸಾಮಾನ್ಯವಾಗಿ 0ರಿಂದ 1ರೊಳಗೆ ತೋರಿಸುವ ಸಂಖ್ಯೆ) ಇದ್ದಕ್ಕಿದ್ದಂತೆ ತೀರಾ ಕಡಿಮೆ ಬಂದರೆ ಮಕ್ಕಳನ್ನು ದೂರುವ ಮೊದಲು ಇದನ್ನು ನೋಡಿ. ಆಲ್ಫಾ 0.9 ಬಂತೆಂದು ಬೀಗುವುದೂ ಬೇಡ. ಹೇಳಿಕೆಗಳ ಸಂಖ್ಯೆ ಹೆಚ್ಚಿದಂತೆ ಅದು ತಾನಾಗಿಯೇ ಏರುತ್ತದೆ. ಎಲ್ಲವೂ ಒಂದೇ ಗುಣವನ್ನು ಅಳೆಯುತ್ತಿವೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಭಾಗವಾರು ಆಲ್ಫಾ ಕೊಡಿ.

ಎಸ್‌ಎಂಕ್ಯೂ-2 ಮೂಲತಃ ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪಿಸಿದ್ದು ಎಂಬುದನ್ನೂ ಮರೆಯಬಾರದು. ಹದಿಮೂರರ ಮಗುವಿಗೆ ಕೊಡುವ ಮೊದಲು ಐದಾರು ಮಕ್ಕಳಿಂದ ಪ್ರತಿ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತೆಂದು ಕೇಳಬೇಕು. 'ವಿಜ್ಞಾನ ಆಸಕ್ತಿದಾಯಕ ಮತ್ತು ಸುಲಭ' ಎಂಬಂಥ ಜೋಡಿ ಹೇಳಿಕೆಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಆಸಕ್ತಿ ಇದ್ದೂ ಕಷ್ಟ ಎನ್ನುವ ಮಗು ಯಾವುದಕ್ಕೆ ಗುರುತು ಹಾಕಬೇಕು? 'ಬೇಸರವಾಗುವುದಿಲ್ಲ' ಎಂಬುದಕ್ಕೆ 'ಒಪ್ಪುವುದಿಲ್ಲ' ಎಂದು ಉತ್ತರಿಸುವಾಗ ದೊಡ್ಡವರೂ ತಡವರಿಸುತ್ತಾರೆ.

ಅದೇ ವಿಷಯದ ಶಿಕ್ಷಕರು ಹಾಳೆ ಹಂಚಿ, ಹೆಸರು ಬರೆಸಿ, ಬೆಂಚುಗಳ ನಡುವೆ ಓಡಾಡಿದರೆ ಬರುವುದು ಪ್ರೇರಣೆಯ ಅಳತೆಯಲ್ಲ, ಶಿಷ್ಟಾಚಾರದ ಅಳತೆ. ಬೇರೆಯವರು ಹಂಚಲಿ. ವರ್ಷದ ಆರಂಭ ಮತ್ತು ಕೊನೆಯ ಉತ್ತರಗಳನ್ನು ಹೊಂದಿಸಬೇಕಿದ್ದರೆ ಹೆಸರಿನ ಬದಲು ಮಗುವೇ ಕಟ್ಟಿಕೊಳ್ಳುವ ಸಂಕೇತ ಸಾಕು. ಪರೀಕ್ಷೆಯ ಫಲಿತಾಂಶ ಕೊಟ್ಟ ದಿನ ಬೇಡ. ಪ್ರಯೋಗಾಲಯದಿಂದ ಖುಷಿಯಾಗಿ ಹೊರಬಂದ ಕೂಡಲೇ ಕೊಡುವುದೂ ಬೇಡ. ಎಲ್ಲಕ್ಕೂ ಒಂದೇ ಕಂಬಸಾಲಿನಲ್ಲಿ ಗುರುತು ಹಾಕಿದ ಹಾಳೆಗಳನ್ನು ಬೇರೆ ಇಡಿ, ಎಷ್ಟು ಬೇರೆ ಇಟ್ಟಿರೆಂದು ವರದಿಯಲ್ಲಿ ಬರೆಯಿರಿ.

ನಲವತ್ತು ಮಕ್ಕಳ ತರಗತಿಯಲ್ಲಿ 20 ಅಂಕದ ಒಂದು ಭಾಗದ ಸರಾಸರಿ ಅರ್ಧ ಅಂಕ ಏರಿತೆಂದರೆ ಅದು ಹೊಸ ಬೋಧನಾ ವಿಧಾನದ ಗೆಲುವು ಎನ್ನಲಾಗದು. ನಾಲ್ಕು ಮಕ್ಕಳು ಆ ದಿನ ಗೈರುಹಾಜರಾಗಿದ್ದರೂ ಅಷ್ಟು ವ್ಯತ್ಯಾಸ ಬರಬಹುದು. ಸರಾಸರಿಯ ಜೊತೆಗೆ ಅಂಕಗಳು ಎಷ್ಟು ಚದುರಿವೆ ಎಂಬುದನ್ನೂ ಭಾಗವಾರು ಪ್ರಕಟಿಸಲಿ.

– ಒಬ್ಬ ಓದುಗ