ಮಳೆ ಹಿಡಿಯುವ ಮುನ್ನ ಪೋಷಕರಿಗೆ ಒಂದು ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆ ತೆರೆದಿದೆ, ಮೃಗಶಿರಾ ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ಪುಸ್ತಕ, ಸಮವಸ್ತ್ರದ ವಿಚಾರವನ್ನು ಪೋಷಕರ ಸಭೆಯಲ್ಲಿ ಮಾತನಾಡೋಣ. ಈ ಪತ್ರ ಬೇರೆ ಕಾರಣಕ್ಕೆ.

ಮಳೆಗಾಲಕ್ಕೆ ಕೂಡಿಡುವುದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೌದೆ ಒಳಗೆ ಸೇರಿದೆ, ಹಪ್ಪಳ ಸಂಡಿಗೆ ಡಬ್ಬಿ ತುಂಬಿವೆ, ಹೆಂಚು ಕೈಯಾಡಿಸಿ ಆಗಿದೆ. ನಾಲ್ಕು ದಿನ ಕರೆಂಟು ಹೋದರೂ ನಮ್ಮ ಮನೆಗಳಲ್ಲಿ ಒಲೆ ಉರಿಯುತ್ತದೆ. ನಮಗೆ ರೂಢಿಯಿಲ್ಲದಿರುವುದು ಮನೆ ಬಿಟ್ಟು ಹೊರಡುವುದು. ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು, ಏನು ಹಿಡಿದುಕೊಳ್ಳಬೇಕು ಎಂಬುದನ್ನು ಬಿಸಿಲಿರುವಾಗಲೇ ಮನೆಯವರೆಲ್ಲ ಕುಳಿತು ತೀರ್ಮಾನಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

2019ರ ಆಗಸ್ಟ್ ನಿಮಗೆ ಮರೆತಿರಲಾರದು. ನಮ್ಮದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟಗಳು ಹೋದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಅದು ಆಶ್ಲೇಷ ಮಳೆಯ ಕಾಲ. ಜೂನ್‌ನಿಂದ ನೀರು ಕುಡಿಯುತ್ತಾ ಬಂದ ಮಣ್ಣು ಆ ಹೊತ್ತಿಗೆ ತೂಕವಾಗಿ, ಹಿಡಿತ ಸಡಿಲಿಸಿಕೊಂಡಿರುತ್ತದೆ. ಆದ್ದರಿಂದ ಒಂದು ದಿನದ ಮಳೆಯನ್ನಷ್ಟೇ ನೋಡಬೇಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ತೋಟದ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಂಟು ಇಂಚು. ಆದರೆ ದಿನಕ್ಕೆ ಮೂರು ನಾಲ್ಕು ಇಂಚಿನಂತೆ ಬಿಡದೆ ವಾರವಿಡೀ ಹೊಯ್ದರೂ ಧರೆ, ಅಂದರೆ ಇಳಿಜಾರು ಕಡಿದಾಗ ಉಳಿಯುವ ಮಣ್ಣಿನ ಗೋಡೆ, ನಿಲ್ಲುತ್ತದೆಂಬ ಭರವಸೆಯಿಲ್ಲ.

ನಮ್ಮ ಮಕ್ಕಳ ಮನೆಗಳನ್ನು ನೋಡಿದರೆ ನನ್ನ ಮುಖ್ಯ ಭಯ ದೊಡ್ಡ ಗುಡ್ಡದ್ದಲ್ಲ, ಮನೆ ಹಿಂದಿನ ಧರೆಯದು. ಇಳಿಜಾರು ಕಡಿದು ಸಮ ಮಾಡಿ ಕಟ್ಟಿದ ಮನೆಗಳಲ್ಲಿ ಬಚ್ಚಲು, ಅಡುಗೆಮನೆ ಧರೆಗೇ ಅಂಟಿಕೊಂಡಿರುತ್ತವೆ. ಕೇಳಿದರೆ, “ಬೀಳುವುದಾಗಿದ್ದರೆ ಇಷ್ಟು ವರ್ಷದಲ್ಲಿ ಬೀಳುತ್ತಿರಲಿಲ್ಲವೇ ಸಾರ್?” ಎನ್ನುತ್ತೀರಿ. ಅಜ್ಜನ ಕಾಲದ ಇಳಿಜಾರು ಬೇರೆ, ಮೊನ್ನೆ ಮೊನ್ನೆ ಜೆಸಿಬಿ ತಂದು ಗೋಡೆಯಂತೆ ನೆಟ್ಟಗೆ ಕಡಿದ ಮಣ್ಣು ಬೇರೆ. ಧರೆಯ ಮೇಲ್ಭಾಗದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ತಿಳಿಯಾಗಿದ್ದ ಒರತೆಯಲ್ಲಿ ಕೆಸರು ನೀರು, ಸುರಿಮಳೆಯಲ್ಲೂ ಬತ್ತಿದ ಹಳ್ಳ, ಇವುಗಳಲ್ಲಿ ಒಂದು ಕಂಡರೂ ಎರಡನೆಯದಕ್ಕೆ ಕಾಯಬೇಡಿ. ಕತ್ತಲಾಗುವ ಮೊದಲೇ ಹೊರಡಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದಾಗ ಜನ ಮಲಗಿದ್ದರು. ಹೊರಡಲು ಆಗದಿದ್ದರೆ ಆ ರಾತ್ರಿ ಮಕ್ಕಳನ್ನು ಧರೆಯ ಕಡೆಯ ಕೋಣೆಯಲ್ಲಂತೂ ಮಲಗಿಸಬೇಡಿ.

ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರು ಧರೆಯ ಸ್ಥಿತಿಯನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಈಗಲೇ ತೋರಿಸಿ. ಮಾಲೀಕರಿಗೂ ಈ ಪತ್ರದ ಪ್ರತಿ ಕಳುಹಿಸಿದ್ದೇನೆ, ಆದ್ದರಿಂದ ಕೇಳಲು ಸಂಕೋಚ ಬೇಡ. ಅಸ್ಸಾಂನಿಂದ ಬಂದ ಕುಟುಂಬಗಳು ಪಕ್ಕದಲ್ಲಿದ್ದರೆ ಅವರ ಮಕ್ಕಳ ಮೂಲಕ ಇದನ್ನು ಓದಿಸಿ ತಿಳಿಸಿ.

ಹಳೆಯ ಶಾಲಾ ಚೀಲವೊಂದನ್ನು ಬಾಗಿಲ ಬಳಿ ಮೊಳೆಗೆ ತೂಗುಹಾಕಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಪಹಣಿ, ತಾಯಿ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿಡಿ. ಕಾಗದ ಕಳೆದುಕೊಂಡವರು ಪರಿಹಾರದ ಅರ್ಜಿ ಹಾಕಲೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅಜ್ಜಿ ತಾತಂದಿರ ಬಿಪಿ, ಸಕ್ಕರೆ ಮಾತ್ರೆಗಳು ವಾರಕ್ಕಾಗುವಷ್ಟು, ಟಾರ್ಚು, ಬೆಂಕಿಪೊಟ್ಟಣ, ಒಂದು ಜೊತೆ ಒಣ ಬಟ್ಟೆ, ಅವಲಕ್ಕಿ ಬೆಲ್ಲ, ಸ್ವಲ್ಪ ಚಿಲ್ಲರೆ ನೋಟು ಇರಲಿ. ಟವರ್ ಬಿದ್ದ ದಿನ ಫೋನ್‌ಪೇ ಯಾರಿಗೂ ಅನ್ನ ಹಾಕುವುದಿಲ್ಲ. ಇನ್ನು ದನಗಳ ಮಾತು: “ಕೊಟ್ಟಿಗೆ ಬಿಟ್ಟು ಹೇಗೆ ಬರುವುದು” ಎಂದು ಉಳಿದುಕೊಳ್ಳುವವರೇ ಹೆಚ್ಚು. ಅವುಗಳ ಹಗ್ಗ ಬಿಚ್ಚಿಬಿಡಿ, ಅವು ದಾರಿ ಹುಡುಕಿಕೊಳ್ಳುತ್ತವೆ. ಕಟ್ಟಿಹಾಕಿದ ದನಕ್ಕೆ ಆ ಅವಕಾಶವಿಲ್ಲ.

ಶಾಲೆಯ ಕಡೆಯಿಂದ ಒಂದು ನಿಯಮವಿದೆ, ಅದರಲ್ಲಿ ರಿಯಾಯಿತಿ ಇಲ್ಲ. ಶಾಲೆಯ ವೇಳೆಯಲ್ಲಿ ಹಳ್ಳ ಏರಿದರೆ ಕಾಲುಸಂಕ (ಹಳ್ಳದ ಮೇಲಿನ ಕಿರು ಕಾಲುಸೇತುವೆ) ದಾಟಬೇಕಾದ ಯಾವ ಮಗುವನ್ನೂ ಒಂಟಿಯಾಗಿ ಬಿಡುವುದಿಲ್ಲ. ಯಾರಾದರೂ ಬಂದು ಕರೆದುಕೊಂಡು ಹೋಗುವವರೆಗೆ, ರಾತ್ರಿಯಾದರೂ ಸರಿ, ಶಿಕ್ಷಕರು ಜೊತೆಯಲ್ಲಿರುತ್ತಾರೆ. ಬಿಸಿಯೂಟದ ಅಕ್ಕಿ ಬೇಳೆ ಇದೆ. ನೀವು ಗಾಬರಿಯಿಂದ ಸಂಕ ದಾಟಿ ಓಡಿ ಬರಬೇಡಿ. ಬೆಳಿಗ್ಗೆ ರಜೆಯ ಆದೇಶ ಬರುವುದು ತಡವಾಗಬಹುದು. ಆದೇಶ ಬಾರದಿದ್ದರೂ ಸಂಕದ ಮೇಲೆ ನೀರಿದ್ದರೆ ಮಗುವನ್ನು ಕಳುಹಿಸಬೇಡಿ. ಆ ದಿನದ ಗೈರುಹಾಜರಿಗೆ ನಾನು ವಿವರಣೆ ಕೇಳುವುದಿಲ್ಲ.

ಫೋನ್ ನಂಬರು ಮಕ್ಕಳಿಗೆ ಬಾಯಿಪಾಠವಾಗಿರಲಿ. ನಮ್ಮ ಏಳನೇ ತರಗತಿಯವರಿಗೆ ಮೊಬೈಲ್ ಆಟಗಳ ಹೆಸರೆಲ್ಲ ಬರುತ್ತವೆ, ಅಪ್ಪನ ನಂಬರು ಬರುವುದಿಲ್ಲ. ಕರೆ ಹೋಗದಿದ್ದಾಗಲೂ ಕೆಲವೊಮ್ಮೆ ಎಸ್ಸೆಮ್ಮೆಸ್ ಹೋಗುತ್ತದೆ ಎಂಬುದನ್ನೂ ಹೇಳಿಕೊಡಿ. 112 ಎಲ್ಲ ತುರ್ತಿಗೆ, 108 ಆಂಬ್ಯುಲೆನ್ಸ್‌ಗೆ, 1077 ಜಿಲ್ಲಾ ನಿಯಂತ್ರಣ ಕೊಠಡಿಗೆ. ಸಿಲ್ವರ್ ಮರ ಬಿದ್ದು ತಂತಿ ಹರಿದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧಿ ಹುಡುಕುವುದು ಬೇಡವೇ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಗುವನ್ನು ಕರೆದೊಯ್ಯಲು ನೀವು ಒಪ್ಪಿರುವ ಇಬ್ಬರ ಹೆಸರು ಮತ್ತು ನಂಬರು, ತುರ್ತಿನಲ್ಲಿ ನೀವು ಹೋಗಿ ಉಳಿಯುವ ಮನೆ ಅಥವಾ ಊರು, ಮಗುವಿಗೆ ಆಸ್ತಮಾ, ಫಿಟ್ಸ್ ಮುಂತಾದ ತೊಂದರೆ ಇದ್ದರೆ ಅದರ ವಿವರ, ಇಷ್ಟನ್ನು ತುಂಬಿ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಆ ಇಬ್ಬರಲ್ಲಿ ಒಬ್ಬರಾದರೂ ಹಳ್ಳದ ಈಚೆ ದಡದವರಾಗಿರಲಿ. ಬರೆಯಲು ಬಾರದವರು ಶಾಲೆಗೆ ಬಂದು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು