ವೀಸಾ ತೊಂದರೆಗೆ ಏಜೆಂಟರೇ ಯಾಕೆ?

ಬ್ರಿಟನ್ನಿಗೆ ಹೋದ ನಮ್ಮ ಹುಡುಗರು ವೀಸಾ ತೊಂದರೆ ಬಂದಾಗ ವಕೀಲರ ಬದಲು ಏಜೆಂಟರನ್ನು ನಂಬಿ ಕೆಡುತ್ತಿದ್ದಾರೆ. ಅಲ್ಲಿ ವಲಸೆ ಪ್ರಕರಣಗಳನ್ನು ವಾದಿಸುವ ವಕೀಲರಾದ ಬ್ಯಾರಿಸ್ಟರ್‌ಗಳ ಕುರಿತ ನಿಮ್ಮ ವರದಿ ಓದಿ ಇದನ್ನು ಬರೆಯುತ್ತಿದ್ದೇನೆ. ನನ್ನ ಗೆಳೆಯನ ಮಗ ನಿರಾಕರಣೆಯ ಪತ್ರವನ್ನು ಮಡಚಿ ಜೇಬಲ್ಲಿಟ್ಟುಕೊಂಡು, ಏಜೆಂಟರ ಫೋನಿಗಾಗಿ ಮೂರು ವಾರ ಸುಮ್ನೆ ಕಾದ. ಅಲ್ಲೇ ಇದ್ದು ಮೇಲ್ಮನವಿ ಹಾಕುವವರಿಗೆ ಸಾಮಾನ್ಯವಾಗಿ ಸಿಗುವುದು 14 ದಿನ ಮಾತ್ರ! ನೋಂದಣಿ ಇಲ್ಲದವರು ವಲಸೆ ಸಲಹೆ ಕೊಡುವುದು 1999ರ ಕಾಯ್ದೆಯಡಿ ಅಲ್ಲಿ ಅಪರಾಧ. ಎಷ್ಟು ಜನರಿಗೆ ಗೊತ್ತು? ಇಂಗ್ಲೆಂಡಿನಲ್ಲಿ 2013ರಿಂದ, ಆಶ್ರಯ ಕೋರುವವರನ್ನು ಬಿಟ್ಟರೆ, ವಲಸೆ ಪ್ರಕರಣಗಳಿಗೆ ಸರ್ಕಾರಿ ಕಾನೂನು ನೆರವು ಸಿಗುವುದೂ ಕಷ್ಟ. ಅಲ್ಲಿನ ಕನ್ನಡ ಸಂಘಗಳು ನೋಂದಾಯಿತ ಸಲಹೆಗಾರರು ಮತ್ತು ಬ್ಯಾರಿಸ್ಟರ್‌ಗಳ ಪಟ್ಟಿಯೊಂದನ್ನು ಹೊಸದಾಗಿ ಬಂದವರ ಕೈಗೆ ಮೊದಲ ದಿನವೇ ಕೊಡಲಿ.

– ಒಬ್ಬ ಓದುಗ, ಮೈಸೂರು