25 ದಿನ ಆಯ್ತು, ಥ್ಯಾಂಕ್ಸ್ ಹೇಳಬೇಕು

ನಿನ್ನೆಗೆ ನಮ್ಮ ಸಿನಿಮಾ ಹಾಸನದಲ್ಲಿ 25 ದಿನ ಮುಗಿಸಿತು. ಮೊದಲ ವಾರ ದಿನಕ್ಕೆ ಎರಡು ಆಟ ಇತ್ತು. ಎರಡನೇ ವಾರ ಒಂದಕ್ಕೆ ಇಳಿಯಿತು. ಮೂರನೇ ವಾರ ಮತ್ತೆ ಎರಡಾಯಿತು. ನಿನ್ನೆ ಸಂಜೆ ಹುಡುಗರು ಪೋಸ್ಟರ್‌ಗೆ ಸೇವಂತಿಗೆ ಹಾರ ಹಾಕಿದ್ದರು. ಅದನ್ನು ನೋಡುತ್ತಾ ನಿಂತಾಗ, ಇಷ್ಟು ದಿನವಾದರೂ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ ಅನ್ನಿಸಿತು.

ಸಿನಿಮಾ ನೋಡಿದವರಿಗೆ ಕಥೆ ಗೊತ್ತು. ಇಬ್ಬರು ಗೆಳೆಯರು, ಜಗಳ, ನಗು, ಕೊನೆಗೆ ಪ್ರೀತಿ. ಇವರಿಬ್ಬರೂ ಒಂದಾಗುತ್ತಾರೆ ಅಂತ ನೋಡುವವರಿಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿದಿರುತ್ತದೆ. ತಿಳಿಯದೇ ಇರುವುದು ಅವರಿಬ್ಬರಿಗೆ ಮಾತ್ರ. ಅವರಿಗೆ ಅದು ಯಾವ ಗಳಿಗೆಯಲ್ಲಿ ಗೊತ್ತಾಗುತ್ತದೆ ಅನ್ನುವುದರ ಮೇಲೇ ಇಂಥ ಸಿನಿಮಾ ನಿಲ್ಲುತ್ತದೆ, ಇಲ್ಲಾ ಬೀಳುತ್ತದೆ. ಆ ಗಳಿಗೆ ನನಗೆ ಎರಡು ವರ್ಷ ಸಿಕ್ಕಿರಲಿಲ್ಲ. ಸ್ಕ್ರಿಪ್ಟಿನಲ್ಲಿ ಆ ಜಾಗಕ್ಕೆ ಒಂದೂವರೆ ಪುಟ ಡೈಲಾಗ್ ಬರೆದಿದ್ದೆ. ಓದಿದವರೆಲ್ಲ ಚೆನ್ನಾಗಿದೆ ಅಂದರು. ನನಗೆ ಮಾತ್ರ ಒಂದು ದಿನವೂ ನಂಬಿಕೆ ಬರಲಿಲ್ಲ.

ದುಡ್ಡು ಹಾಕಿದ ಸ್ನೇಹಿತರು, ಸಂಬಳ ತಡವಾದರೂ ಮುಖ ಸಣ್ಣದು ಮಾಡದ ಇಡೀ ಯೂನಿಟ್, ತೋಟದ ಗೇಟು ತೆಗೆದುಕೊಟ್ಟ ಸಕಲೇಶಪುರದ ಸಾಹುಕಾರ್ರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಮುಳ್ಳಯ್ಯನಗಿರಿಯಲ್ಲಿ, ಅಷ್ಟು ಎತ್ತರದ ಗಾಳಿಯಲ್ಲಿ, ಮೈಕ್ ಮೇಲೆ ಕಂಬಳಿ ಸುತ್ತಿ ಮಾತು ಹಿಡಿದ ಸೌಂಡ್ ಹುಡುಗರಿಗೂ. ಶೆಟ್ಟಿಹಳ್ಳಿಯವರಿಗೆ ಎರಡು ಸಲ ಹೇಳಬೇಕು, ಯಾಕೆಂದರೆ ಎರಡು ಸಲ ಕಾಟ ಕೊಟ್ಟಿದ್ದೇವೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಅಲ್ಲಿನ ಹಳೇ ಚರ್ಚು ಅರ್ಧ ನೀರಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅದೇ ಗೋಡೆಯ ತನಕ ನಡೆದುಕೊಂಡು ಹೋಗಬಹುದು. ಅದೇ ಜಾಗ, ಅದೇ ಫ್ರೇಮ್, ಬೇಸಿಗೆಯಲ್ಲೊಂದು ಸಲ, ಮಳೆಗಾಲದಲ್ಲೊಂದು ಸಲ. ಮಳೆಗಾಲದಲ್ಲಿ ದಡದಲ್ಲಿ ನಮ್ಮ ಜನರೇಟರ್ ಹೂತುಹೋದಾಗ ಟ್ರಾಕ್ಟರ್ ತಂದು ಎಳೆದವರು ನೀವೇ.

ಇನ್ನು ನಮ್ಮ ಅಡುಗೆ ಅಣ್ಣ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿದೆ. ಇಲ್ಲಿ ಬೇಡ ಅಂದಿದ್ದಾರೆ, ಅದಕ್ಕೇ ಬರೆದಿಲ್ಲ. ವಯಸ್ಸು ಅರವತ್ತು ದಾಟಿದೆ, ಆದರೂ ಯೂನಿಟ್ಟಿಗೆಲ್ಲ ಅಣ್ಣ. ಊರು ಆಲೂರಿನ ಕಡೆ.

ಕೊನೆಯ ದೃಶ್ಯ ಕಾಫಿ ಹೂವಿನಲ್ಲೇ ಆಗಬೇಕು ಅಂತ ನನ್ನ ಹಠ. ಮಲೆನಾಡಿನವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಹೂಮಳೆ ಬೀಳಬೇಕು. ಬಿದ್ದ ಏಳೆಂಟು ದಿನಕ್ಕೆ ರೊಬಸ್ಟಾ ಅರಳುತ್ತದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಥರ ಘಮ, ಕಿವಿ ತುಂಬ ಜೇನುಹುಳದ ಸದ್ದು. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದಿಹೋಗುತ್ತದೆ. ಇನ್ನೊಂದು ಟೇಕ್ ಬೇಕು ಅಂದರೆ ಮುಂದಿನ ವರ್ಷ ಬರಬೇಕು. ಮಾರ್ಚಿನಲ್ಲಿ ಮಳೆ ಬಂತು. ನಾವು ಬೆರಳು ಮಡಚಿ ದಿನ ಎಣಿಸಿದೆವು. ನಾಳೆ ಬೆಳಗ್ಗೆ ಹೂ ಅನ್ನುವ ರಾತ್ರಿ ಹತ್ತು ಗಂಟೆಗೆ ಅಮ್ಮನ ಫೋನ್ ಬಂತು, ಹಾಸನದ ಆಸ್ಪತ್ರೆಯಿಂದ.

ಅಪ್ಪನಿಗೆ ಏನಾಗಿತ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ನಾನು ಬ್ಯಾಗು ತಗೊಂಡು ಹೊರಟೇ ಬಿಟ್ಟಿದ್ದೆ. ಆದರೆ ಸಂಜೆಯೇ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಮೆಸೇಜ್ ಬಂದಿತ್ತು. ತೋಟದ ರಸ್ತೆಯಲ್ಲಿ ಆನೆಗಳಿವೆ, ರಾತ್ರಿ ಓಡಾಡಬೇಡಿ ಅಂತ. ತೋಟದ ಲೆಕ್ಕ ನೋಡಿಕೊಳ್ಳುವ ರೈಟ್ರು ಕೈ ಅಡ್ಡ ಹಿಡಿದು, ‘ಬೆಳಗಾಗಲಿ, ನಾನೇ ಜೀಪಲ್ಲಿ ಬಿಡ್ತೀನಿ’ ಅಂದರು. ಅವರು ಹೇಳಿದ್ದು ಸರಿ. ಆದರೂ ಆ ಹೊತ್ತಿನಲ್ಲಿ ಅವರ ಮೇಲೆ ಕೂಗಾಡಿದೆ. ರೈಟ್ರೇ, ಕ್ಷಮಿಸಿ.

ಎಲ್ಲರೂ ಸ್ವಲ್ಪ ಹೊತ್ತು ಕೂತಿದ್ದು ಒಬ್ಬೊಬ್ಬರೇ ಮಲಗಲು ಹೋದರು. ಹೋಗಿ ಅಂತ ನಾನೇ ಹೇಳಿದ್ದೆ, ಬೆಳಗ್ಗೆ ಐದಕ್ಕೆ ಏಳಬೇಕಿತ್ತಲ್ವಾ. ಅಡುಗೆ ಅಣ್ಣ ಹೋಗಲಿಲ್ಲ. ಕಣದ ಮೂಲೆಯಲ್ಲಿ ಆರಿದ್ದ ಸೌದೆ ಒಲೆ ಮತ್ತೆ ಹಚ್ಚಿದರು. ಬೆಲ್ಲ ಹಾಕಿ ಕಪ್ಪು ಕಾಫಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಲೋಟ ಕೈಗಿಟ್ಟರು. ಆಮೇಲೆ ಒಂದು ಮೊರದ ತುಂಬ ಬೆಳ್ಳುಳ್ಳಿ ತಂದು ನನ್ನ ಮುಂದಿಟ್ಟರು.

‘ಸುಮ್ನೆ ಕೂರಬ್ಯಾಡ ಕಣವ್ವ. ಬಿಡಿಸು.’

ಅರವತ್ತು ಜನರ ಸಾರಿಗೆ ಬೇಕಾದ ಬೆಳ್ಳುಳ್ಳಿ. ಇಬ್ಬರೂ ಬಿಡಿಸಿದೆವು. ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದೆ. ಟವರ್ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಒಂದು ಹೊತ್ತಿನಲ್ಲಿ ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಅಪ್ಪ ಅಲ್ಲಿ ಹಾಗೆ ಮಲಗಿರುವಾಗ ನಾನಿಲ್ಲಿ ಹೂವು ಕಾಯುತ್ತಾ ಕೂತಿದ್ದೇನೆ, ಇಂಥ ಮಗಳು ಯಾಕೆ ಬೇಕು ಅಂದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಅಣ್ಣ ಸಮಾಧಾನ ಹೇಳಲಿಲ್ಲ. ಏನೂ ಆಗಲ್ಲ ಅಂತಲೂ ಹೇಳಲಿಲ್ಲ. ‘ಅಳವ್ವ. ಅತ್ಕೊಂಡೇ ಬಿಡಿಸು’ ಅಂದರು. ತಮ್ಮ ಮೊರದಿಂದ ಇನ್ನೊಂದು ಹಿಡಿ ನನ್ನ ಕಡೆಗೆ ಸುರಿದರು.

ಮೂರು ಗಂಟೆ ಇರಬೇಕು. ‘ಬೆಳಗ್ಗೆ ಯಾವ ಸೀನು?’ ಅಂತ ಕೇಳಿದರು. ಹೇಳಿದೆ. ಸ್ನೇಹಿತರಾಗಿದ್ದವರಿಗೆ ಪ್ರೀತಿ ಅಂತ ಗೊತ್ತಾಗುವ ಸೀನು. ಅವರು ಬೆಂಕಿಗೆ ಒಂದು ಕೊರಡು ತಳ್ಳಿ, ತಮ್ಮ ಮನೆಯಾಕೆಯ ಸುದ್ದಿ ತೆಗೆದರು.

‘ಒಂದೇ ಕೇರಿಯೋರು ನಾವು. ಸಣ್ಣೋಳಿದ್ದಾಗಿಂದ ನನ್ನ ಲೋ ಅಂತ್ಲೇ ಕರಿಯೋಳು. ಒಂದಿನ ಜಾತ್ರೇಲಿ ನಾನು ಮುಂದೆ ಹೋಗ್ತಿದ್ದೆ. ಕರಿಯಾಕೆ ಬಾಯಿ ತೆಗೆದ್ಲು ಕಣವ್ವ. ಲೋ ಅನ್ನಾಕೆ ಆಗ್ಲಿಲ್ಲ. ಬ್ಯಾರೆ ಏನಂತ ಕರಿಯೋದು ಅಂತ್ಲೂ ಗೊತ್ತಾಗ್ಲಿಲ್ಲ. ಹಂಗೇ ನಿಂತ್ಲು.’

‘ಆಮೇಲೆ?’

‘ಓಡಿ ಬಂದು ಅಂಗಿ ತೋಳು ಹಿಡ್ದು ಎಳುದ್ಲು. ಅಷ್ಟೇಯ.’

ನಾನು ಎಷ್ಟೋ ಹೊತ್ತು ಬೆಳ್ಳುಳ್ಳಿ ಕೈಯಲ್ಲಿ ಹಿಡಿದು ಕೂತಿದ್ದೆ. ಇಡೀ ಸಿನಿಮಾದಲ್ಲಿ ನಮ್ಮ ಹುಡುಗಿ ಅವನನ್ನು ಲೋ ಅಂತಲೇ ಕರೆಯುತ್ತಾಳೆ. ಆ ಒಂದು ಲೋ ಬಾಯಿಗೆ ಬಾರದೇ ಹೋಗುವ ಗಳಿಗೆಗಾಗಿ ನಾನು ಒಂದೂವರೆ ಪುಟ ಬರೆದಿದ್ದೆ.

ಐದೂವರೆಗೆ ಆನೆ ದಾಟಿದವು ಅಂತ ಸುದ್ದಿ ಬಂತು. ಜೀಪ್ ಹತ್ತುವ ಮುಂಚೆ ಕಾಲ್‌ಶೀಟಿನ ಹಿಂದೆ ನಾಲ್ಕು ಸಾಲು ಬರೆದು ಅಸೋಸಿಯೇಟ್ ಡೈರೆಕ್ಟರ್ ಕೈಗೆ ಕೊಟ್ಟೆ. ಮಾತು ಬೇಡ. ಕರೆಯೋಕೆ ಬಾಯಿ ತೆಗೀತಾಳೆ. ಬರಲ್ಲ. ತೋಳು ಎಳೀತಾಳೆ. ಅವತ್ತು ಆ ದೃಶ್ಯ ತೆಗೆಯುವಾಗ ನಾನು ಅಲ್ಲಿರಲಿಲ್ಲ. ಎಲ್ಲರೂ ನನಗೆ ಫೋನ್ ಮಾಡಿ ಹೊಗಳುವ ದೃಶ್ಯವನ್ನು ತೆಗೆದದ್ದು ನನ್ನ ಅಸೋಸಿಯೇಟ್. ನಮ್ಮ ಇಬ್ಬರು ಕಲಾವಿದರು ಎರಡು ತಿಂಗಳು ಕಲಿತ ಡೈಲಾಗನ್ನು ಹದಿನೈದು ನಿಮಿಷದಲ್ಲಿ ಬಿಟ್ಟುಕೊಟ್ಟು, ಮೂರನೇ ಟೇಕಿನಲ್ಲಿ ಅದನ್ನು ಕೊಟ್ಟರು. ಈ ಮೂವರಿಗೆ ನನ್ನ ನಮಸ್ಕಾರ.

ನಾನು ಅಪ್ಪನ ಹತ್ತಿರ ಇದ್ದೆ. ಮಧ್ಯಾಹ್ನ ಕಣ್ಣು ಬಿಟ್ಟರು. ಕೈ ಹಿಡಿದುಕೊಂಡೆ. ತುಂಬಾ ಹೊತ್ತು ನೋಡಿ, ತುಟಿ ಅಲ್ಲಾಡಿಸಿ ಅಂದ ಮೊದಲ ಮಾತು, ‘ಬೆಳ್ಳುಳ್ಳಿ ವಾಸನೆ’. ಅಪ್ಪ ಈಗ ಮನೆಯಲ್ಲಿದ್ದಾರೆ. ನಿಧಾನಕ್ಕೆ ನಡೆಯುತ್ತಾರೆ. ಎರಡನೇ ಭಾನುವಾರ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಾಲ್ಕನಿಯಲ್ಲಿ ಕೂತು ಪೂರ್ತಿ ಸಿನಿಮಾ ನೋಡಿದರು.

ನಿನ್ನೆ ಅಡುಗೆ ಅಣ್ಣನೂ ಬಂದಿದ್ದರು, ಮನೆಯಾಕೆಯನ್ನು ಕರೆದುಕೊಂಡು. ಆ ಅಮ್ಮ ಥಿಯೇಟರಿಗೆ ಬಂದು ವರ್ಷಗಳೇ ಆಗಿದ್ದವಂತೆ. ನಾನು ಅವರ ಹಿಂದಿನ ಸಾಲಿನಲ್ಲಿ ಕೂತೆ. ತೆರೆ ಮೇಲೆ ತೋಟ ಬೆಳ್ಳಗಾಯಿತು. ಹುಡುಗಿ ಬಾಯಿ ತೆಗೆದಳು. ಪ್ರತಿ ಆಟದಲ್ಲೂ ಅಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ, ಆಮೇಲೆ ಶಿಳ್ಳೆ. ಶಿಳ್ಳೆಯ ನಡುವೆ ಆ ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು. ಪಕ್ಕಕ್ಕೆ ತಿರುಗಿ ನೋಡಲೇ ಇಲ್ಲ.

ಆಟ ಬಿಟ್ಟ ಮೇಲೆ ಗೇಟಿನ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದರು.

‘ಇದನ್ನ ನಿಂಗೆ ಯಾರವ್ವ ಹೇಳಿದ್ದು?’

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಆಗಲೇ ಬಸ್ ಸ್ಟ್ಯಾಂಡ್ ಕಡೆ ಹೊರಟಿದ್ದರು. ‘ಆಲೂರು ಬಸ್ಸಿಗೆ ಹೊತ್ತಾಯ್ತು, ಬಾ ಬಾ’ ಅಂತ ತಿರುಗಿ ನೋಡದೆ ಕೂಗಿದರು.